ಆ ಪುಟ್ಟ ಪಿನ್‌ಗೆ ಇಷ್ಟು ಮಹತ್ವ ಯಾಕೆ?

ಪ್ರಶ್ನೆ: ಮೇಡಂ, ನನ್ನ ಅಕ್ಕನ ಮಗಳು ಅಮೆರಿಕದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಈಗ ಸೊರೊರಿಟಿ ಅನ್ನುವ ಕಾಲೇಜು ಹುಡುಗಿಯರ ಸಂಘ ಸೇರಿದ್ದಾಳಂತೆ. ಎದೆಗೆ ಪಿನ್ ಚುಚ್ಚಿಕೊಂಡ ಫೋಟೋ ಕಳಿಸಿದ್ದಾಳೆ. ಇದು ಸುಮ್ನೆ ಪಾರ್ಟಿ ಮಾಡೋ ಹುಡುಗಿಯರ ಗುಂಪು ಅಲ್ವಾ?

ಉತ್ತರ: ಪಾರ್ಟಿಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಇವು ಹುಟ್ಟಿದ್ದು ಅದಕ್ಕಲ್ಲ. ಆ ಪಿನ್ ಅಂದರೆ ಸಂಘದ ಬ್ಯಾಡ್ಜ್. ಅದರ ಬಗ್ಗೆಯೇ ಹೇಳುತ್ತೇನೆ, ಕೇಳಿ.

ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್‌ನಲ್ಲಿ ಇಂಡಿಯಾನಾ ಆಸ್ಬರಿ ಅನ್ನುವ ಕಾಲೇಜಿತ್ತು. ಈಗ ಅದು ಡಿಪಾ ವಿಶ್ವವಿದ್ಯಾಲಯ. 1867ರಲ್ಲಿ ಅಲ್ಲಿ ಮೊದಲ ಸಲ ಹುಡುಗಿಯರಿಗೆ ಸೀಟು ಸಿಕ್ಕಿತು. ಬೆರಳೆಣಿಕೆಯ ಹುಡುಗಿಯರು, ಸುತ್ತ ಹುಡುಗರೇ. ಹುಡುಗರಿಗೆ ಅವರವರ ಸಂಘಗಳಿದ್ದವು. ಬೆಟ್ಟಿ ಲಾಕ್ ಅನ್ನುವ ವಿದ್ಯಾರ್ಥಿನಿಗೆ ಒಂದು ಸಂಘದವರು ತಮ್ಮ ಬ್ಯಾಡ್ಜ್ ಹಾಕಿಕೋ ಅಂದರು. ಸದಸ್ಯೆಯಾಗಿ ಅಲ್ಲ, ಬರೀ ಸ್ನೇಹಕ್ಕೆ. ಪೂರ್ತಿ ಸದಸ್ಯೆ ಮಾಡಿಕೊಳ್ಳದಿದ್ದರೆ ಬೇಡ ಅಂದಳು ಬೆಟ್ಟಿ. ಅವರು ಒಪ್ಪಲಿಲ್ಲ. 1870ರ ಜನವರಿ 27ರಂದು ಮೂವರು ಗೆಳತಿಯರ ಜೊತೆ ಸೇರಿ ತನ್ನದೇ ಸಂಘ ಕಟ್ಟಿದಳು. ಅದೇ ಕಪ್ಪಾ ಆಲ್ಫಾ ಥೀಟಾ, ಗ್ರೀಕ್ ಅಕ್ಷರಗಳ ಹೆಸರು. ಗಾಳಿಪಟದ ಆಕಾರದಲ್ಲಿ, ಕಪ್ಪು ಮತ್ತು ಚಿನ್ನದ ಬಣ್ಣದ ಬ್ಯಾಡ್ಜ್ ಮಾಡಿಸಿ, ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಧರಿಸಿಕೊಂಡು ಹೋದರು. ಆ ಧೈರ್ಯ ನನಗೆ ಇವತ್ತಿಗೂ ಬಹಳ ಇಷ್ಟ.

ಇದಕ್ಕೂ ಮುಂಚೆ, 1851ರಲ್ಲೇ ಜಾರ್ಜಿಯಾದ ಮೇಕನ್‌ನ ಮಹಿಳಾ ಕಾಲೇಜಿನಲ್ಲಿ ಇಂಥದ್ದೊಂದು ಸಂಘ ಶುರುವಾಗಿತ್ತು. 1867ರಲ್ಲಿ ಇಲಿನಾಯ್‌ನ ಮಾನ್‌ಮೌತ್ ಕಾಲೇಜಿನ 12 ಹುಡುಗಿಯರು ಬಾಡಿಗೆ ಕೋಣೆಯೊಂದರಲ್ಲಿ ಕೂತು ಇನ್ನೊಂದು ಕಟ್ಟಿದರು. ಅವರ ಗುರುತು ಚಿನ್ನದ ಬಾಣ. ಅದೇ ಕಾಲೇಜಿನಲ್ಲಿ 1870ರಲ್ಲಿ ಹುಟ್ಟಿದ ಕಪ್ಪಾ ಕಪ್ಪಾ ಗ್ಯಾಮಾದವರು ಪುಟ್ಟ ಚಿನ್ನದ ಬೀಗದಕೈಯನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಬಂದರು.

ಆದರೆ ಈ ಸಂಘಗಳೂ ಕಪ್ಪು ಹುಡುಗಿಯರಿಗೆ ಬಾಗಿಲು ಮುಚ್ಚಿದ್ದವು. ಇದು ನನಗೆ ನೋವು ಕೊಡುವ ಮಾತು. ಕಪ್ಪು ವಿದ್ಯಾರ್ಥಿನಿಯರು ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. 1913ರ ಜನವರಿಯಲ್ಲಿ ಅಲ್ಲೇ 22 ಮಂದಿ ಡೆಲ್ಟಾ ಸಿಗ್ಮಾ ಥೀಟಾ ಶುರು ಮಾಡಿ, ಮಾರ್ಚ್ 3ರಂದು ಹೆಂಗಸರ ಮತದಾನದ ಹಕ್ಕಿನ ಮೆರವಣಿಗೆಗೆ ಹೊರಟೇಬಿಟ್ಟರು.

ಸೇರುವಾಗ ಗುಟ್ಟಿನ ಪ್ರಮಾಣ ಮಾಡುವ ಪದ್ಧತಿಯಿದೆ. ಅದನ್ನು ಕೆದಕಬೇಡಿ, ಅವಳು ಹೇಳುವುದೂ ಇಲ್ಲ. ಹೊಸಬರಿಗೆ ಕಿರುಕುಳ ಕೊಡುತ್ತಾರಾ ಅಂತ ಮಾತ್ರ ಪ್ರೀತಿಯಿಂದ ವಿಚಾರಿಸಿ. ಹೌದು ಅಂದರೆ ತಕ್ಷಣ ಕಾಲೇಜಿನವರಿಗೆ ತಿಳಿಸಲು ಹೇಳಿ.