ಹತ್ತು ಜನ ಬೈಕಿನಲ್ಲಿ ಹೋಗಿ ನದಿ ದಂಡೆಯ ಹಳ್ಳಿಯಲ್ಲಿ ಟೆಂಟ್ ಹಾಕಿ ಉಳಿಯಬೇಕು. ಎಲ್ಲಿಗೆ ಹೋಗೋದು, ಹೇಗೆ ಹೋಗೋದು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಿಂದ ಹತ್ತು ಗೆಳೆಯರು, ಏಳು ಬೈಕು, ನದಿ ದಂಡೆಯ ಒಂದು ಹಳ್ಳಿ, ಟೆಂಟ್‌ನಲ್ಲಿ ಎರಡು ರಾತ್ರಿ. ಗುಂಪಾಗಿ ಬೈಕಿನಲ್ಲಿ ದೂರ ಹೋಗಿ ಯಾರಿಗೂ ರೂಢಿ ಇಲ್ಲ. ಗುಂಪಿನಲ್ಲಿ ಮೂವರು ಹುಡುಗಿಯರೂ ಇದ್ದಾರೆ.

ನನ್ನನ್ನು ಕೇಳಿದರೆ ಗಣೇಶಗುಡಿಗೆ ಹೋಗಿ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು, ಕಾಳಿ ನದಿಯ ದಂಡೆ, ದಾಂಡೇಲಿಯಿಂದ ಸುಮಾರು 25 ಕಿ.ಮೀ. ಕಾವೇರಿ ದಂಡೆಯ ಮುತ್ತತ್ತಿಯೇ ಹತ್ತಿರ ಅಲ್ವಾ ಅಂತ ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಬೆಂಗಳೂರಿನಿಂದ 100 ಕಿ.ಮೀ. ಆಸುಪಾಸು. ಆದರೆ ಅದು ಕಾವೇರಿ ವನ್ಯಧಾಮದ ನಡುವೆ ಇದೆ. ದಂಡೆಯ ಮೇಲೆ ನಿಮ್ಮಷ್ಟಕ್ಕೆ ಟೆಂಟ್ ಹಾಕಲು ಆಗುವುದಿಲ್ಲ. ಅಲ್ಲಿಯ ಸುಳಿಗಳು ಎಷ್ಟೋ ಜನರನ್ನು ಬಲಿ ತೆಗೆದುಕೊಂಡಿವೆ. ಬೆಳಿಗ್ಗೆ ಹೋಗಿ ಮುತ್ತೆತ್ತರಾಯನ ದರ್ಶನ ಮಾಡಿ ಸಂಜೆ ಬರುವುದಕ್ಕೆ ಅದು ಚೆಂದ. ರಾತ್ರಿ ಉಳಿಯೋಕೆ ಗಣೇಶಗುಡಿಯ ಕಡೆಯೇ ಸರಿ.

ಇಡೀ ಪ್ರವಾಸಕ್ಕೆ ಒಂದೇ ನಿಯಮ ಹೇಳು ಅಂದರೆ ನಾನು ಹೇಳುವುದು ಇದು: ಬೆಳಕಿರುವಾಗ ತಲುಪಿ, ಟೆಂಟ್ ಎಲ್ಲಿ ಹಾಕಬೇಕು ಅನ್ನುವುದನ್ನು ಊರಿನವರು ಹೇಳಲಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಯಾಕೆ ಅಂತ ಹೇಳುತ್ತೇನೆ. ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ, 184 ಕಿ.ಮೀ. ಹರಿದು ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. ಗಣೇಶಗುಡಿಯಲ್ಲಿ ಇದಕ್ಕೆ ಸೂಪಾ ಅಣೆಕಟ್ಟು ಕಟ್ಟಿದ್ದಾರೆ. ಎತ್ತರ 101 ಮೀಟರ್. ಅದರ ಬುಡದಲ್ಲೇ ವಿದ್ಯುತ್ ಕೇಂದ್ರ, ತಲಾ 50 ಮೆಗಾವಾಟ್‌ನ ಎರಡು ಘಟಕ. ಘಟಕ ಓಡಿದಾಗ ನೀರು ಕೆಳಗೆ ಬರುತ್ತದೆ, ನಿಲ್ಲಿಸಿದಾಗ ನದಿ ಇಳಿಯುತ್ತದೆ. ಅಂದರೆ ನೀವು ದಂಡೆಯಲ್ಲಿ ಕೂತಿರುವಾಗ ನದಿ ಏರುವುದಕ್ಕೂ ಮಳೆಗೂ ಸಂಬಂಧವೇ ಇರಬೇಕಿಲ್ಲ. ರಾಜ್ಯಕ್ಕೆ ಎಷ್ಟು ಕರೆಂಟ್ ಬೇಕು ಅನ್ನುವುದರ ಮೇಲೆ ಅದು ನಿಂತಿದೆ. ಆಕಾಶ ನೀಲಿ ಇರುತ್ತದೆ, ಗಾಳಿ ಇರುವುದಿಲ್ಲ, ನೀರು ಮಾತ್ರ ಬಂಡೆ ಮೇಲೆ ಹತ್ತುತ್ತಿರುತ್ತದೆ. ಅಲ್ಲಿ ರ‍್ಯಾಫ್ಟಿಂಗ್ ನಡೆಯುವುದೂ ಈ ನೀರಿನ ಹೊತ್ತು ನೋಡಿಕೊಂಡೇ.

ನಾವು ಮೊದಲ ಸಲ ಹೋದಾಗ ನದಿ ಮಧ್ಯೆ ಒಂದು ಚಪ್ಪಟೆ ಬಂಡೆ, ಪಕ್ಕದಲ್ಲಿ ಮರಳು, ಎಲ್ಲರ ಕಣ್ಣೂ ಅದರ ಮೇಲೇ ಬಿತ್ತು. ಫೋಟೊದಲ್ಲಿ ಟೆಂಟ್ ಅಂದರೆ ಹಾಗೇ ಇರಬೇಕು ಅನ್ನುವಂಥ ಜಾಗ. ನಾವು ಉಳಿದಿದ್ದ ಮನೆಯ ಅಜ್ಜ ದಂಡೆಯ ಮರವೊಂದರ ಬೇರು ತೋರಿಸಿದರು. ಬೇರಿನಲ್ಲಿ ಒಣಗಿದ ಕಸ, ಹುಲ್ಲಿನ ಎಳೆ, ಒಂದು ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ನಮ್ಮ ಸೊಂಟದಷ್ಟು ಎತ್ತರಕ್ಕೆ. 'ನೀರು ಅಲ್ಲಿವರೆಗೆ ಬಂದು ಹೋಗ್ತದೆ' ಅಂದರು. ಅಷ್ಟೇ. ಟೆಂಟ್‌ಗಳನ್ನು ಅವರ ಅಡಿಕೆ ತೋಟದ ಮೇಲಿನ ಬಯಲಿಗೆ ಒಯ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಆ ಬಂಡೆ ಕಾಣಲೇ ಇಲ್ಲ. ಮಧ್ಯಾಹ್ನ ಮತ್ತೆ ಕಾಣಿಸಿತು.

ಕತ್ತಲಾದ ಮೇಲೆ ತಲುಪಿದ್ದರೆ ಆ ಕಸದ ಗುರುತು ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ನಾನು ಸಮಯದ ಬಗ್ಗೆ ಇಷ್ಟು ಹಟ ಮಾಡುತ್ತೇನೆ.

ಈಗ ದಾರಿಯ ಲೆಕ್ಕ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಅಲ್ಲಿಂದ ಹಳಿಯಾಳ, ದಾಂಡೇಲಿ, ಗಣೇಶಗುಡಿ. ಒಟ್ಟು ಸುಮಾರು 500 ಕಿ.ಮೀ. ಕಾರಿನಲ್ಲಿ ಒಂದೇ ದಿನಕ್ಕೆ ಆಗುತ್ತದೆ, ಏಳು ಬೈಕಿನ ಗುಂಪಿಗೆ ಆಗುವುದಿಲ್ಲ. ಒಬ್ಬರು ಚಹಾಕ್ಕೆ ನಿಂತರೆ ಎಲ್ಲರೂ ನಿಲ್ಲುತ್ತಾರೆ, ಒಬ್ಬರ ಚೈನ್ ಸಡಿಲವಾದರೆ ಎಲ್ಲರ ಅರ್ಧ ಗಂಟೆ ಹೋಗುತ್ತದೆ. ಆದ್ದರಿಂದ ಮೊದಲ ರಾತ್ರಿ ಧಾರವಾಡದಲ್ಲಿ ಉಳಿಯಿರಿ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಲು ಹೊತ್ತು ಸಿಗುತ್ತದೆ. ಸಂಜೆ ಧಾರವಾಡದಲ್ಲಿ ಗಿರ್ಮಿಟ್, ಮಿರ್ಚಿ. ಲೈನ್ ಬಜಾರಿನ ಪೇಡಾ ಮಾತ್ರ ವಾಪಸ್ ಬರುವಾಗ ತಗೊಳ್ಳಿ, ಹೋಗುವಾಗ ತಗೊಂಡರೆ ದಾಂಡೇಲಿ ಮುಟ್ಟುವ ಮೊದಲೇ ಮುಗಿಯುತ್ತದೆ. ಮರುದಿನ ಬರೀ 80 ಕಿ.ಮೀ. ಸುತ್ತಮುತ್ತ ಉಳಿಯುತ್ತದೆ. ಮಧ್ಯಾಹ್ನದ ಊಟಕ್ಕೇ ಗಣೇಶಗುಡಿ.

ಹಳ್ಳಿಯಲ್ಲಿ ಎರಡು ರಾತ್ರಿ, ಬರುವಾಗ ದಾರಿಯಲ್ಲಿ ಒಂದು ರಾತ್ರಿ. ಒಟ್ಟು ಐದು ದಿನ ಬೇಕು. ರಜೆ ನಾಲ್ಕೇ ದಿನ ಇದ್ದರೆ ಹಳ್ಳಿಯ ಒಂದು ರಾತ್ರಿ ಬಿಡಿ, ದಾರಿಯ ರಾತ್ರಿ ಬಿಡಬೇಡಿ. ದಣಿದ ಸವಾರ ಕೊನೆಯ ನೂರು ಕಿಲೋಮೀಟರಿನಲ್ಲೇ ಎಡವುತ್ತಾನೆ.

ಹಳಿಯಾಳ ದಾಟಿದ ಮೇಲೆ ಕಾಡು ಶುರುವಾಗುತ್ತದೆ. ಕತ್ತಲಾದ ಮೇಲೆ ಈ ರಸ್ತೆ ಬೇಡ. ಕಾಡುಕೋಣ ರಸ್ತೆ ದಾಟುತ್ತಿರುತ್ತವೆ. ಕಪ್ಪು ಮೈ, ಹೆಡ್‌ಲೈಟ್ ಬೆಳಕಿಗೆ ತಡವಾಗಿ ಕಾಣುತ್ತವೆ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಇನ್ನೂ ಇರುತ್ತವೆ. ಎಂಜಿನ್ ಆಫ್ ಮಾಡಿ, ಹಾರ್ನ್ ಮುಟ್ಟದೆ ಕಾಯಿರಿ.

ಗುಂಪಿನಲ್ಲಿ ಬೈಕ್ ಓಡಿಸುವುದರ ಬಗ್ಗೆ. ಮುಂದೆ ದಾರಿ ಗೊತ್ತಿರುವವರು ಒಬ್ಬರು, ಕೊನೆಯಲ್ಲಿ ತಾಳ್ಮೆ ಇರುವ, ರಿಪೇರಿ ಗೊತ್ತಿರುವ ಒಬ್ಬರು. ಈ ಇಬ್ಬರು ಇಡೀ ದಿನ ಜಾಗ ಬದಲಾಯಿಸಬಾರದು. ಹೊಸಬರು ಮತ್ತು ಸಣ್ಣ ಎಂಜಿನ್ನಿನ ಬೈಕಿನವರು ಮುಂದಾಳುವಿನ ಬೆನ್ನಿಗೇ ಇರಲಿ. ಹಿಂದೆ ಬಿಟ್ಟರೆ ಅವರು ಗುಂಪನ್ನು ಹಿಡಿಯಲು ತಮ್ಮ ಶಕ್ತಿ ಮೀರಿ ಓಡಿಸುತ್ತಾರೆ. ಅಪಘಾತ ಆಗುವುದು ಅಲ್ಲೇ. 125 ಸಿಸಿ ಬೈಕ್ ಆರಾಮವಾಗಿ ಎಷ್ಟು ವೇಗಕ್ಕೆ ಹೋಗುತ್ತದೋ ಅದೇ ಎಲ್ಲರ ವೇಗ. ಹೈವೇನಲ್ಲಿ ಒಬ್ಬರು ಲೇನಿನ ಎಡಕ್ಕೆ, ಮುಂದಿನವರು ಬಲಕ್ಕೆ, ಹೀಗೆ ಎಡ-ಬಲ ಬಿಟ್ಟು ಸಾಲು ಇರಲಿ, ನಡುವೆ ಎರಡು ಸೆಕೆಂಡಿನ ಅಂತರ ಇರಲಿ. ಕಾಡಿನ ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು. ಬೇರೆ ರಸ್ತೆಗೆ ತಿರುಗುವಲ್ಲಿ ಹಿಂದಿನವರು ಕನ್ನಡಿಯಲ್ಲಿ ಕಾಣುವವರೆಗೆ ಕಾಯಬೇಕು. ಎಲ್ಲರೂ ಇದೊಂದು ಪಾಲಿಸಿದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ, ಫೋನ್ ಸಿಗ್ನಲ್ ಬೇಕಾಗುವುದೂ ಇಲ್ಲ. ಆ ಕಡೆ ಸಿಗ್ನಲ್ ಕಡಿಮೆಯೇ.

ಹೊರಡುವ ಹಿಂದಿನ ವಾರ ಟೈರು, ಬ್ರೇಕು, ಚೈನು ನೋಡಿಸಿ. ಕಡ್ಡಿ ಚಕ್ರದ ಬೈಕುಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಅದಕ್ಕೆ ಕೆಲಸಕ್ಕೆ ಬಾರದು, ಒಂದು ಹೊಸ ಟ್ಯೂಬ್ ಇಟ್ಟುಕೊಳ್ಳಿ. ಕ್ಲಚ್ ಕೇಬಲ್ಲೂ ಒಂದು. ಭಾರದ ಸಾಮಾನು ಕೆಳಗೆ, ಎರಡೂ ಬದಿಗೆ ಸಮನಾಗಿ. ಟೆಂಟ್ ಹಗುರ, ಅದನ್ನು ಸೀಟಿನ ಮೇಲೆ ಕಟ್ಟಬಹುದು. ಹಿಂದೆ ಕೂರುವವರಿಗೂ ಒಳ್ಳೆ ಹೆಲ್ಮೆಟ್. ದಾಂಡೇಲಿಯಲ್ಲಿ ಎಲ್ಲರೂ ಪೆಟ್ರೋಲ್ ತುಂಬಿಸಿ, ಅರ್ಧ ಇದೆ ಸಾಕು ಅನ್ನುವವರೂ ಸೇರಿ.

ಟೆಂಟ್ ಎಲ್ಲಿ ಅನ್ನುವುದಕ್ಕೆ ಮತ್ತೆ ಬರುತ್ತೇನೆ, ಇದೇ ಮುಖ್ಯ. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ. 2015ಕ್ಕೂ ಮೊದಲು ಇದನ್ನೇ ದಾಂಡೇಲಿ-ಅಣಶಿ ಅನ್ನುತ್ತಿದ್ದರು. ಖಾಲಿ ಕಾಣುವ ಬಯಲೆಲ್ಲ ಯಾರದೂ ಅಲ್ಲ ಅಂತ ಅಂದುಕೊಳ್ಳಬೇಡಿ. ಅರಣ್ಯ ಇಲಾಖೆಯದ್ದಿರಬಹುದು, ಅಣೆಕಟ್ಟಿನದ್ದಿರಬಹುದು. ಅನುಮತಿ ಇಲ್ಲದೆ ಅಲ್ಲಿ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ. ಹೋಮ್‌ಸ್ಟೇ ನಡೆಸುವವರ ಅಂಗಳದಲ್ಲೋ ತೋಟದಲ್ಲೋ ಟೆಂಟ್ ಹಾಕಿ, ಅದಕ್ಕೆ ಅವರು ಹೇಳಿದ ದುಡ್ಡು ಕೊಡಿ. ಆಗ ನಿಮಗೆ ಶೌಚಾಲಯ ಸಿಗುತ್ತದೆ, ಬಿಸಿನೀರು ಸಿಗುತ್ತದೆ, ಹುಡುಗಿಯರು ರಾತ್ರಿ ಟಾರ್ಚ್ ಹಿಡಿದು ಕಾಡಿಗೆ ಹೋಗಬೇಕಾಗಿಲ್ಲ. ಮನೆಯೂಟ ಸಿಗುತ್ತದೆ. ಅಡುಗೆ ಸಾಮಾನು, ಸ್ಟವ್ ಎಲ್ಲ ಹೊತ್ತುಕೊಂಡು ಹೋಗುವ ಕೆಲಸವೂ ತಪ್ಪುತ್ತದೆ. ಅಕ್ಕಿ ರೊಟ್ಟಿ, ಮುರುಗಲ (ಕೋಕಂ) ಸಾರು, ಕಾಲ ಇದ್ದರೆ ಅಲ್ಲಿಯ ಕುಣಬಿ ಸಮುದಾಯದವರು ಬೆಳೆದ ಗೆಡ್ಡೆಯ ಪಲ್ಯ. ಜೋಯಿಡಾದ ಕುಣಬಿಗಳು ಎಷ್ಟೋ ಬಗೆಯ ಗೆಡ್ಡೆಗೆಣಸು ಕಾಪಾಡಿಕೊಂಡು ಬಂದಿದ್ದಾರೆ. ಅದಕ್ಕೆಂದೇ ಜೋಯಿಡಾದಲ್ಲಿ ಮೇಳ ನಡೆಯುತ್ತದೆ. ಇದನ್ನು ಬಿಟ್ಟು ಹತ್ತು ಜನ ಅಲ್ಲಿ ಕೂತು ನೂಡಲ್ಸ್ ಬೇಯಿಸಿಕೊಳ್ಳುವುದು ನನಗಂತೂ ಬೇಸರದ ವಿಷಯ.

ಊಟಕ್ಕೆ ಕೂತಾಗ ಮನೆಯ ಹಿರಿಯರಿದ್ದರೆ ಸೂಪಾದ ಬಗ್ಗೆ ಕೇಳಿ. ಈ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕು ಅಂತಲೇ ಹೆಸರಿತ್ತು. ಕಾಳಿ ಮತ್ತು ಪಾಂಢರಿ ನದಿ ಸೇರುವ ಜಾಗದಲ್ಲಿ ಸೂಪಾ ಪೇಟೆ ಇತ್ತು. ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ಜನ ರಾಮನಗರಕ್ಕೆ, ಬೇರೆ ಬೇರೆ ಕಡೆಗೆ ಹೋದರು. ನಾವು ಮನೆಯಲ್ಲಿ ಸ್ವಿಚ್ ಒತ್ತಿದಾಗ ಬರುವ ಬೆಳಕಿನಲ್ಲಿ ಅವರ ಅಂಗಳಗಳೂ ಇವೆ. ಇದನ್ನು ತಿಳಿದುಕೊಂಡು ಆ ನೀರಿನ ಮುಂದೆ ನಿಂತರೆ ನೋಡುವ ರೀತಿಯೇ ಬೇರೆಯಾಗುತ್ತದೆ. ಸ್ಪೀಕರ್ ಹಚ್ಚಿ ಕುಣಿಯುವ ಮನಸ್ಸು ಬರುವುದಿಲ್ಲ.

ಸ್ಪೀಕರ್ ಅಂದಾಗ ಇದನ್ನೂ ಹೇಳಬೇಕು. ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ಆ ಕಾಡು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿಗೆ ಹೆಸರುವಾಸಿ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಗಂಡು ಹೆದರಿ ದೂರ ಉಳಿದರೆ ಒಳಗಿರುವುದು ಹಸಿದಿರುತ್ತದೆ. ಬೆಳಿಗ್ಗೆ ಬೇಗ ಎದ್ದು ಸುಮ್ನೆ ಅಂಗಳದಲ್ಲಿ ಕೂತರೆ ರೆಕ್ಕೆಯ ಸದ್ದು ಕೇಳಿಸುತ್ತದೆ, ದೊಡ್ಡ ಮಂಗಟ್ಟೆ ಹಾರುವಾಗ ಉಗಿಬಂಡಿ ಹೊರಟಂತೆ ಸದ್ದು.

ನೀರಿಗೆ ಇಳಿಯುವ ವಿಷಯ. ಇಳಿಯಬೇಕಾದರೆ ರ‍್ಯಾಫ್ಟಿಂಗ್ ನಡೆಸುವವರ ಜೊತೆ, ಲೈಫ್ ಜಾಕೆಟ್ ಹಾಕಿಕೊಂಡು. ಸ್ವಂತವಾಗಿ ಈಜಲು ಬೇಡ. ನೀರು ಏರುವ ವಿಷಯ ಆಗಲೇ ಹೇಳಿದೆ, ದಾಂಡೇಲಿಯ ಕಡೆ ಮೊಸಳೆಗಳೂ ಇವೆ. ಕುಡಿದು ನದಿಯ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಇದನ್ನು ಹೊರಡುವ ಮೊದಲೇ ಗುಂಪಿನಲ್ಲಿ ಮಾತಾಡಿ ಒಪ್ಪಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ಹೇಳಿದರೆ ಜಗಳವಾಗುತ್ತದೆ.

ಬೆಂಕಿ ಹಾಕಬೇಕು ಅಂದರೆ ಮನೆಯವರನ್ನು ಕೇಳಿ, ಅವರು ಕೊಟ್ಟ ಸೌದೆ, ಅವರು ತೋರಿಸಿದ ಜಾಗ. ಕಾಡಿನಿಂದ ಕಟ್ಟಿಗೆ ತರಬೇಡಿ. ಫೆಬ್ರವರಿ ನಂತರ ಬೆಂಕಿಯೇ ಬೇಡ, ಒಣಗಿದ ಎಲೆಗೆ ಒಂದು ಕಿಡಿ ಸಾಕು.

ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಮಲೆನಾಡಿನ ಕಾಡುಗಳಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದರು. ಉತ್ತರ ಕನ್ನಡ ಜಿಲ್ಲೆಯಲ್ಲೂ ಬರುತ್ತದೆ. ಉಣುಗು, ಅಂದರೆ ಉಣ್ಣೆ ಹುಳ ಕಚ್ಚುವುದರಿಂದ ಹರಡುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆವರೆಗೆ ಅದರ ಕಾಟ ಹೆಚ್ಚು. ಒಣ ಎಲೆಯ ಮೇಲೆ ಹಾಗೇ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸೇರಿಸಿ. ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಮೈ ಪರೀಕ್ಷಿಸಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ವಾಪಸ್ ಬಂದ ಮೇಲೆ ಜೋರು ಜ್ವರ ಬಂದರೆ ಈ ಕಡೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳುವುದು ಮುಖ್ಯ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಜೂನ್‌ನಿಂದ ಸೆಪ್ಟೆಂಬರ್ ವಿಪರೀತ ಮಳೆ, ಜಿಗಣೆ, ರಸ್ತೆಯೂ ಜಾರುತ್ತದೆ. ಚಳಿಗಾಲದಲ್ಲಿ ಇಬ್ಬನಿ ಬಹಳ. ಟೆಂಟಿನ ಹೊರ ಹೊದಿಕೆ ತೆಗೆದು ನಕ್ಷತ್ರ ನೋಡುತ್ತಾ ಮಲಗಿದರೆ ಬೆಳಗಿನ ಜಾವಕ್ಕೆ ಹಾಸಿಗೆ ಒದ್ದೆ. ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನಿಂದ ಹೊರಗೆ ಚಾಚಬಾರದು, ಅದರ ಮೇಲೆ ಬಿದ್ದ ನೀರು ಒಳಗೆ ಬರುತ್ತದೆ.

ಬುಕ್ ಮಾಡುವಾಗ ಫೋನಿನಲ್ಲಿ ಇಷ್ಟು ಕೇಳಿ: ಟೆಂಟ್ ಹಾಕುವ ಜಾಗ ನಿಮ್ಮದೇನಾ, ಅನುಮತಿ ಇದೆಯಾ? ನೀರು ಎಲ್ಲಿವರೆಗೆ ಬರುತ್ತದೆ, ಅಲ್ಲಿಂದ ನಿಮ್ಮ ಅಂಗಳ ಎಷ್ಟು ಎತ್ತರ? ಏಳು ಬೈಕು ಒಳಗೆ ನಿಲ್ಲಿಸಲು ಆಗುತ್ತದಾ, ಮನೆವರೆಗೆ ರಸ್ತೆ ಹೇಗಿದೆ? ಎರಡನೆಯದಕ್ಕೆ 'ನದಿಗೆ ತಾಗಿಕೊಂಡೇ ಟೆಂಟ್ ಹಾಕಿಕೊಡ್ತೀವಿ ಸರ್' ಅನ್ನುವ ಉತ್ತರ ಬಂದರೆ ಬೇರೆ ಮನೆ ಹುಡುಕಿ.