ಗಾಡಿ ಪ್ರಶ್ನೆ: ನಾಕ್ ಕಿಲೋಮೀಟರ್ ಮೈಲೇಜ್ ಎಲ್ಲಿ ಹೋತು?

ಪ್ರಶ್ನೆ: ಸರ, ನಂದು 2017ರ ಪೆಟ್ರೋಲ್ ಕಾರು, ದಿನಾ ಹುಬ್ಬಳ್ಳಿ-ಧಾರವಾಡ ಓಡಾಟ. ಮೊದ್ಲ ಲೀಟರ್‌ಗೆ 18 ಕೊಡತಿತ್ತು, ಈಗ 14ಕ್ಕ ಬಂದೈತಿ. ಗ್ಯಾರೇಜ್‌ನ್ಯಾಗ ಕೇಳಿದ್ರ ಎಲ್ಲಾ ಎಥೆನಾಲ್ ಆಟರಿ, ಏನೂ ಮಾಡಾಕ ಬರಂಗಿಲ್ಲ ಅಂತಾರ. ಖರೇನ್ರಿ?
– ಓದುಗರೊಬ್ರು, ಹುಬ್ಬಳ್ಳಿ

ಉತ್ತರ: ನಾಕಾಣೆ ಖರೆ ಅನ್ರಿ. ಒಂದು ಲೀಟರ್ ಪೆಟ್ರೋಲ್‌ನ್ಯಾಗ ಹೆಚ್ಚುಕಮ್ಮಿ 32 ಮೆಗಾಜೂಲ್ ಶಕ್ತಿ ಇರತೈತಿ, ಎಥೆನಾಲ್‌ನ್ಯಾಗ 21ರ ಆಸುಪಾಸು, ಅಂದ್ರ ಮೂರನೇ ಒಂದು ಪಾಲು ಕಮ್ಮಿ. ಈಗ ಬಂಕಿನ್ಯಾಗ ಸಿಗೂ ಇ20 ಪೆಟ್ರೋಲ್ ಅಂದ್ರ ನೂರಕ್ಕ 20 ಪಾಲು ಎಥೆನಾಲ್ ಬೆರಸಿದ್ದು, ಹಿಂಗಾಗಿ ಬರೇ ಪೆಟ್ರೋಲ್‌ಗೆ ಹೋಲಿಸಿದ್ರ ನೂರಕ್ಕ ಆರೇಳು ಬೀಳತೈತಿ, ನೀತಿ ಆಯೋಗದ 2021ರ ವರದಿನೂ ನಿಮ್ಮಂಥ ಹಳೇ ಕಾರಿಗೆ 6-7 ಅಂತನ ಹೇಳೇತಿ. ನಿಮ್ಮ 18 ಹೆಚ್ಚಂದ್ರ 16.7ಕ್ಕ ಇಳೀಬೇಕು. ಅದೂ ಬರೇ ಪೆಟ್ರೋಲ್ ಲೆಕ್ಕ, 2022ರಾಗ ದೇಶದ ತುಂಬ ಇ10 ಬಂದಿತ್ತಲ್ಲ, ಅಲ್ಲಿಂದ ಹಿಡದ್ರ ಇಳಿಕೆ ಇನ್ನೂ ಅರ್ಧ.

18ರಿಂದ 14 ಅಂದ್ರ ನೂರಕ್ಕ 22 ಆತು. ಎಥೆನಾಲ್ ಒಂದ್ ಹನಿನೂ ಉರಿಯೂದಿಲ್ಲ ಅಂತ ಇಟ್ಕೊಂಡ್ರೂ 20ರ ಮ್ಯಾಲ ಬೀಳಾಕ ಸಾಧ್ಯ ಇಲ್ರಿ, ಇದನ್ನ ಆ ಗ್ಯಾರೇಜ್‌ನವ್ರಿಗೆ ಹೇಳ್ರಿ. ಈಗೀಗ ಪಂಕ್ಚರ್ ಬಿಟ್ಟು ಉಳದದ್ದಕ್ಕೆಲ್ಲಾ ಎಥೆನಾಲ್ ಹೆಸರ ಹೇಳೂದು ರೂಢಿ ಆಗೇತಿ.

ಮೊದ್ಲ ಟೈರ್ ಗಾಳಿ, ಏರ್ ಫಿಲ್ಟರ್, ಪ್ಲಗ್ ನೋಡಿಸ್ರಿ. ಗಾಡಿ ಓಡಿಸಿ ಬಂದಕೂಡ್ಲೆ ನಾಕೂ ಗಾಲಿ ಹತ್ರ ಕೈ ಹಿಡೀರಿ, ಮುಟ್ಟಬ್ಯಾಡ್ರಿ, ಒಂದರಾಗ ಮಾತ್ರ ಝಳ ಜಾಸ್ತಿ ಬಂದ್ರ ಬ್ರೇಕ್ ಹಿಡ್ಕೊಂಡೈತಿ. ಆಮ್ಯಾಲ ಆಕ್ಸಿಜನ್ ಸೆನ್ಸರ್. ಎಥೆನಾಲ್‌ನ್ಯಾಗ ತನ್ನದ ಆಕ್ಸಿಜನ್ ಇರತೈತಿ, ಹಿಂಗಾಗಿ ಹೊಗಿಯೊಳಗ ಆಕ್ಸಿಜನ್ ಜಾಸ್ತಿ ಕಾಣತೈತಿ, ಸೆನ್ಸರ್ ಅದನ್ನ ನೋಡಿ ಕಂಪ್ಯೂಟರ್‌ಗೆ ಹೇಳತೈತಿ, ಅದು ಇಂಜೆಕ್ಟರ್‌ನಿಂದ ಇನ್ನಷ್ಟು ಪೆಟ್ರೋಲ್ ಬಿಡತೈತಿ. ಸೆನ್ಸರ್ ಹಳೇದಾಗಿ ಮಂದ ಆಗಿದ್ರ ಈ ಲೆಕ್ಕಾನ ತಪ್ಪತೈತಿ, ಸ್ಕ್ಯಾನರ್ ಹಚ್ಚಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚುಕಮ್ಮಿ ಮಾಡಾಕತ್ತೈತಿ ಅನ್ನೂ ಲೆಕ್ಕ) ನೋಡ್ರಿ ಅಂತ ಕೇಳ್ರಿ.

ಮತ್ತ ನಿಮ್ಮ ದಾರಿನೂ ನೆನಪಿರಲಿ. ಚಿಗರಿ ಬಸ್ಸಿಗೆ ಬ್ಯಾರೆ ಲೇನ್ ಐತಿ, ಉಳದವರೆಲ್ಲಾ ಒಂದ್ ಬದಿ ಒತ್ಕೊಂಡ್ ಹೋಗೂದು, ಮ್ಯಾಲ ಚೆನ್ನಮ್ಮ ಸರ್ಕಲ್ ಕಡೆ ಜಾಮ್, ಎಸಿ ಹಾಕ್ಕೊಂಡು ನಿಂತಲ್ಲೇ ನಿಂತ್ರ ಯಾವ ಪೆಟ್ರೋಲ್ ಹಾಕಿದ್ರೂ 18 ಬರೂದಿಲ್ರಿ. ಮೈಲೇಜ್ ಅಳಿಯೂದಾದ್ರ ಮೀಟರ್‌ನ್ಯಾಗ ತೋರಿಸೂದನ್ನ ನಂಬಬ್ಯಾಡ್ರಿ, ಅದ ಬಂಕ್, ಅದ ಪಂಪಿನ್ಯಾಗ ಗನ್ ಮೊದಲ ಸಲ ಟಕ್ ಅಂದ ಕೂಡ್ಲೆ ನಿಲ್ಲಿಸಿ ಕಿಲೋಮೀಟರ್ ಬರಕೊಳ್ರಿ, ಟಾಕಿ ಅರ್ಧಕ್ಕಿಂತ ಕೆಳಗ ಇಳದಮ್ಯಾಲ ಹಂಗ ತುಂಬ್ಸಿ, ನಡುವ ಓಡಿದ ಕಿಲೋಮೀಟರನ್ನ ಈ ಸಲ ಹಿಡದ ಲೀಟರ್‌ನಿಂದ ಭಾಗಿಸ್ರಿ.

ಪ್ರಶ್ನೆ: ನಮ್ಮಪ್ಪನ ಹಳೇ ಕಾರ್ಬ್ಯುರೇಟರ್ ಬೈಕ್ ಮುಂಜಾನೆ ಲಗೂನ ಸ್ಟಾರ್ಟ್ ಆಗವಲ್ದು. ಇ20ರಿಂದ ಅಂತೀರೇನು?
– ಓದುಗರೊಬ್ರು, ಗದಗ

ಉತ್ತರ: ಇರಬಹುದು. ಗಾಳಿಗೆ ಪೆಟ್ರೋಲ್ ಬೆರಸೂ ಕಾರ್ಬ್ಯುರೇಟರ್‌ಗೆ ಸೆನ್ಸರ್ ಇಲ್ಲ, ತಾನಾಗಿ ಪೆಟ್ರೋಲ್ ಹೆಚ್ಚು ಮಾಡ್ಕೊಳಾಕ ಬರೂದಿಲ್ಲ, ಮಿಶ್ರಣ ತೆಳು ಆಗತೈತಿ, ಅಂದ್ರ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಚೋಕ್ ಎಳದು ಕಿಕ್ ಹೊಡಿಲಿ, ಕಾರ್ಬ್ಯುರೇಟರ್‌ನ್ಯಾಗ ಪೆಟ್ರೋಲ್ ಬರೂ ಸಣ್ಣ ತೂತಿನ ಜೆಟ್ ಸ್ವಚ್ಛ ಮಾಡಿಸ್ರಿ. ಪೆಟ್ರೋಲ್ ಪೈಪ್ ಬಗ್ಗಿಸಿ ನೋಡ್ರಿ, ಬಿರುಕು ಬಿಟ್ಟಿದ್ರ ಅಥವಾ ಉಬ್ಬಿ ಮೆತ್ತಗಾಗಿದ್ರ ಇವತ್ತ ಬದಲಿ ಮಾಡ್ರಿ. ತಿಂಗಳಗಟ್ಟಲೆ ನಿಲ್ಲಿಸಬ್ಯಾಡ್ರಿ, ಎಥೆನಾಲ್ ನೀರ ಎಳಕೋತೈತಿ.

ಪ್ರಶ್ನೆ: ನಾವು ಬೆಳದ ಗೊಂಜಾಳದಿಂದನೂ ಎಥೆನಾಲ್ ಮಾಡ್ತಾರಂತ. ಕಬ್ಬಿಂದಕ್ಕೂ ಅದಕ್ಕೂ ಮೈಲೇಜ್ ಫರಕ್ ಐತೇನ್ರಿ?
– ರೈತರೊಬ್ರು, ರಾಣೆಬೆನ್ನೂರ

ಉತ್ತರ: ಇಲ್ರಿ ಯಜಮಾನ್ರ. ಕಬ್ಬು, ಗೊಂಜಾಳ, ನುಚ್ಚಕ್ಕಿ ಯಾವುದರಿಂದ ಮಾಡಿದ್ರೂ ಕೊನಿಗೆ ಬರೂದು ಅದ ಎಥೆನಾಲ್, ಇಂಜಿನ್‌ಗೆ ಗೊತ್ತ ಆಗೂದಿಲ್ಲ. ಫರಕ್ ಇರೂದು ಕಾರ್ಖಾನಿಗೆ ಕೊಡೋ ರೇಟಿನ್ಯಾಗ, ಅದು ನನಗಿಂತ ನಿಮಗ ಚೊಲೋ ಗೊತ್ತು.