ಗಾಯಕ್ಕೆ ಅಡುಗೆಮನೆಯ ಜೇನುತುಪ್ಪ ಹಚ್ಚಬಹುದೇ?

ಬಾಟಲಿಯಿಂದ ನೇರ ಸುರಿಯಬೇಡಿ. ಜೇನಿಗೆ ಸೂಕ್ಷ್ಮಾಣು ಕೊಲ್ಲುವ ಗುಣವಿದೆ, ನಿಜ. ನೀರಿನಂಶ ಶೇ. 20ರ ಆಸುಪಾಸು ಮಾತ್ರ, ಹಾಗಾಗಿ ಬ್ಯಾಕ್ಟೀರಿಯಾದ ತೇವವನ್ನೇ ಹೀರುತ್ತದೆ. ಪಿಎಚ್ 4ರ ಹತ್ತಿರ, ಅಂದರೆ ಹುಳಿ. ಗಾಯದ ರಸ ಬೆರೆತು ತೆಳುವಾದಾಗ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಸೂಕ್ಷ್ಮಾಣುನಾಶಕವನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಚೆನ್ನಾಗಿ ಕಾಯಿಸಿದ ಜೇನಿನಲ್ಲಿ ಆ ಕಿಣ್ವ ಕೆಟ್ಟಿರುತ್ತದೆ. (ನ್ಯೂಜಿಲೆಂಡಿನ ಮನುಕಾ ಜೇನಿನ ಕಥೆ ಬೇರೆ, ಅದರ ಬಲ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕ.)

ಮನೆಯ ಜೇನಿನಲ್ಲಿ ರೋಗ ತರಬಲ್ಲ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ಅವನ್ನು ಕೊಲ್ಲಲು ಗಾಮಾ ಕಿರಣ ಹಾಯಿಸಿದ ವೈದ್ಯಕೀಯ ಜೇನನ್ನೇ ತನ್ನಿ. 10 ಸೆಂ.ಮೀ. ಚೌಕದ ಗಾಜ್‌ಬಟ್ಟೆಗೆ ಸುಮಾರು 20 ಮಿ.ಲೀ. ಹೀರಿಸಿ, ತೊಳೆದ ಗಾಯದ ಮೇಲಿಟ್ಟು, ಒಣಪಟ್ಟಿ ಸುತ್ತಿ. ರಸ ಜಾಸ್ತಿಯಿದ್ದರೆ ದಿನಾ ಬದಲಿಸಿ, ಬದಲಿಸದಿದ್ದರೆ ಜೇನು ಕರಗಿಹೋಗಿ ಬರೀ ಒದ್ದೆಬಟ್ಟೆ ಉಳಿಯುತ್ತದೆ. ಹಚ್ಚಿದಾಗ ತುಸು ಉರಿಯಬಹುದು. ಆಳದ ಗಾಯ, ಸಕ್ಕರೆ ಕಾಯಿಲೆಯವರ ಕಾಲುಹುಣ್ಣು ಆದರೆ ಸೀದಾ ಆಸ್ಪತ್ರೆಗೆ ಹೋಗಿ.